ಹನ್ನೊಂದೊಂಬತ್ಲೆ ತೊಂಬತ್ತೊಂಬತ್ತು

ನಾನು ಪರವಾನಗಿ ಪಡೆದ ಭೂಮಾಪಕ. ಮೂಡಲಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಕಚೇರಿ. ಹೊಲ ಅಳೆಯುವುದೇ ನನ್ನ ಹೊಟ್ಟೆಪಾಡು, ಆದರೆ ಗುಣಾಕಾರವೆಂದರೆ ನನಗೆ ಹುಟ್ಟಿನಿಂದಲೂ ಆಗಿಬರುವುದಿಲ್ಲ. ಹದಿನೇಳೆಂಟ್ಲೆ ಎಷ್ಟು ಎಂದು ಯಾರಾದರೂ ಥಟ್ಟನೆ ಕೇಳಿದರೆ ಇವತ್ತಿಗೂ ಕೈ ತಾನಾಗಿ ಜೇಬಿನ ಮೊಬೈಲಿಗೆ ಹೋಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಒಬ್ಬ ಹೆಂಗಸಿನ ಬಗ್ಗೆ ಬರೆಯುವುದೆಲ್ಲ ಹೊಟ್ಟೆಕಿಚ್ಚಿನ ಮಾತು ಎಂದು ನಿಮಗೆ ಅನಿಸಿದರೆ, ನೀವು ತಪ್ಪು ತಿಳಿದಿಲ್ಲ.

ಆಕೆ ಹೋದ ತಿಂಗಳು ತೀರಿಕೊಂಡಳು. ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಆಕೆಯ ಮಕ್ಕಳನ್ನು ಕೇಳುವ ಮುಖ ನನಗಿಲ್ಲ. ಮೂಡಲಗಿಯಿಂದ ಕೌಜಲಗಿಯವರೆಗೆ ಎಲ್ಲರೂ ಆಕೆಯನ್ನು ಮುಕಾದಮ ಅಕ್ಕ ಎಂದೇ ಕರೆಯುತ್ತಿದ್ದರು. ಕಬ್ಬು ನೆಡುವ, ಕಬ್ಬಿನ ಸಾಲಿನಲ್ಲಿ ಕಸ ತೆಗೆಯುವ ಹದಿನೆಂಟು ಹೆಂಗಸರ ಟೋಳಿಗೆ ಆಕೆ ಮುಕಾದಮ, ಅಂದರೆ ಕೆಲಸ ಹಿಡಿದು ಮಾಡಿಸುವ ಹಿರಿಯಳು. ಕುಳ್ಳಗಿನ ಹೆಂಗಸು. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ, ತಲೆಗೆ ಟವೆಲ್, ಹೆಗಲಲ್ಲಿ ಸುರುಳಿ ಸುತ್ತಿದ ಹಗ್ಗ. ಹಗ್ಗ ಮೂವತ್ಮೂರು ಅಡಿ ಉದ್ದ. ಅದರಲ್ಲಿ ಸಮಾನ ಅಂತರಕ್ಕೆ ಗುರುತು ಹಾಕಿ ಹದಿನಾರು ಭಾಗ ಮಾಡಿದ್ದಳು, ಒಂದೊಂದು ಭಾಗಕ್ಕೆ ಒಂದು ಆಣೆ. ಒಂದು ಹಗ್ಗ ಉದ್ದ, ಒಂದು ಹಗ್ಗ ಅಗಲ ಇದ್ದರೆ ಅದು ಒಂದು ಗುಂಟೆ. ಅಂಥ ನಲವತ್ತಾದರೆ ಎಕರೆ. ಆಕೆಯ ವಿದ್ಯೆಯೆಲ್ಲ ಇಷ್ಟರ ಮೇಲೆಯೇ ನಿಂತಿತ್ತು.

ಟೋಳಿಯ ಕೆಲಸ ಗುಂಟೆಯ ಲೆಕ್ಕದಲ್ಲಿ ನಡೆಯುವುದರಿಂದ ಮುಕಾದಮಳಾದವಳಿಗೆ ಹೊಲ ಅಳೆಯಲು ಬರಲೇಬೇಕು. ಬಾಕಿ ಟೋಳಿಯವರು ಹೆಜ್ಜೆ ಹಾಕಿ ಅಂದಾಜು ಹೇಳುತ್ತಾರೆ. ಆಕೆ ಹಗ್ಗ ಎಳೆಸಿ, ಎಡಗಣ್ಣು ಮುಚ್ಚಿ ಒಂದು ಕ್ಷಣ ನಿಂತು, ಕಾಲು ಗುಂಟೆಯೂ ಬಿಡದ ಹಾಗೆ ಹೇಳುತ್ತಿದ್ದಳು. ತುಟಿ ಅಲುಗುತ್ತಿರಲಿಲ್ಲ, ಬೆರಳು ಮಡಚುತ್ತಿರಲಿಲ್ಲ. ಆ ಎಡಗಣ್ಣು ಮುಚ್ಚುವುದನ್ನು ಕಂಡರೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲ ಸಲ ಕಂಡದ್ದು ಕೌಜಲಗಿ ರಸ್ತೆಯ ಒಂದು ಹೊಲದಲ್ಲಿ. ಆಗಿನ್ನೂ ಮೂರು ಕಾಲಿನ ಅಳತೆ ಮಷಿನ್ ಕೊಂಡಿರಲಿಲ್ಲ, ನನ್ನ ಹತ್ತಿರ ಟೇಪು ಮತ್ತು ಕ್ಯಾಲ್ಕುಲೇಟರ್ ಇದ್ದವು. ಆಯತಾಕಾರದ ಚೊಕ್ಕ ಹೊಲ. ನಾನು ಮುನ್ನೂರಾ ಎಪ್ಪತ್ತೊಂಬತ್ತೂವರೆ ಅಡಿಯನ್ನು ಇನ್ನೂರಾ ಎಂಬತ್ತೂವರೆ ಅಡಿಯಿಂದ ಗುಣಿಸಿ, ಬಂದದ್ದನ್ನು ಸಾವಿರದ ಎಂಬತ್ತೊಂಬತ್ತರಿಂದ ಭಾಗಿಸಲು ಗುಂಡಿ ಒತ್ತುತ್ತಿದ್ದೆ. ಬದುವಿನ ಮೇಲೆ ರೊಟ್ಟಿ ಬಿಚ್ಚುತ್ತಿದ್ದ ಹೆಂಗಸರ ನಡುವಿನಿಂದ ಒಂದು ದನಿ, ತೊಂಬತ್ತೇಳೂಮುಕ್ಕಾಲು ಗುಂಟೆ ಎಂದಿತು. ನನ್ನ ಯಂತ್ರ ಇನ್ನೂ ಅರ್ಧ ದಾರಿಯಲ್ಲಿತ್ತು. ಮುಗಿದಾಗ ಅದೂ ಅದನ್ನೇ ತೋರಿಸಿತು. ಹೊಲದ ಮಾಲೀಕ ನನ್ನನ್ನು ನೋಡಿ ನಕ್ಕ.

ಹೇಗೆ ಹೇಳಿದಿರಿ ಎಂದು ಕೇಳಬಾರದಿತ್ತು, ಕೇಳಿದೆ. ಆಕೆ ರೊಟ್ಟಿ ಬದಿಗಿಟ್ಟು ಎದ್ದು ಬಂದಳು.

“ಹತ್ತು ಹಗ್ಗದ ಚೌಕ ಹೊಲ ಅಂತ ತಿಳೀರಿ ಸಾಹೇಬ್ರ, ನೂರು ಗುಂಟೆ ಆತು. ಈ ಹೊಲ ಉದ್ದಕ ಒಂದೂವರಿ ಹಗ್ಗ ಹೆಚ್ಚೈತಿ, ಅಡ್ಡಕ ಒಂದೂವರಿ ಕಮ್ಮಿ ಐತಿ. ಹಂಗಿದ್ದಾಗ ನೂರರಾಗ ಒಂದೂವರಿ ಚೌಕದಷ್ಟ ಹೋಗತೈತಿ. ಎರಡೂಕಾಲ ಗುಂಟೆ. ತಗದು ನೋಡ್ರಿ.”

ತೆಗೆದು ನೋಡಿದೆ. ಹುಕ್ಕೇರಿಯ ಹೈಸ್ಕೂಲಿನಲ್ಲಿ ಎ ವರ್ಗ ಮೈನಸ್ ಬಿ ವರ್ಗ ಎಂದು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕ ತೆಗೆದುಕೊಂಡು ಬಂದವನು ನಾನು. ಅದು ಹೊಲದಲ್ಲಿ ಹೀಗೆ ಬಿದ್ದಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿ ಮುಗಿಸಿ ಆಕೆ ನನ್ನ ಮುಖವನ್ನೇ ನೋಡುತ್ತ ನಿಂತಳು. ಹೇಗೆ ಸೋಲಿಸಿದೆ ನೋಡು ಎಂಬ ನೋಟ ಅದು ಅಂದುಕೊಂಡೆ. ಮುಂದೆಯೂ ಎಲ್ಲೇ ಎದುರಾದರೂ, ಲೆಕ್ಕ ಹೇಳಿದ ಕೂಡಲೇ ನನ್ನ ಮುಖ ನೋಡುವುದು ಆಕೆಯ ರೂಢಿಯಾಯಿತು. ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಆಕೆ ಕಲಿತದ್ದು ನಾಲ್ಕನೆಯ ಇಯತ್ತೆ. ಅಪ್ಪ ಭೂಮಿ ಅಳೆಯುವ ಸರ್ಕಾರಿ ಮೋಜಣಿದಾರರ ಸರಪಳಿ ಎಳೆಯುವ ಆಳು. ಸಾಲಿ ಬಿಟ್ಟ ಮೇಲೆ ಆಕೆ ಅಪ್ಪನ ಬುತ್ತಿ ಹೊತ್ತುಕೊಂಡು ಹಿಂದೆ ಹೋಗುತ್ತಿದ್ದಳಂತೆ. ಸಾಹೇಬರು ಕೂಗಿ ಹೇಳಿದ ಅಳತೆಗಳನ್ನು ಬೇವಿನ ನೆರಳಿನಲ್ಲಿ ಕುಳಿತು ಮನಸ್ಸಿನಲ್ಲೇ ಗುಣಿಸುತ್ತಿದ್ದಳಂತೆ. ಸಾಹೇಬರು ಕಾಗದದ ಮೇಲೆ ಗುಣಿಸಿ ಮುಗಿಸುವಷ್ಟರಲ್ಲಿ ಈಕೆಯದು ಮುಗಿದಿರುತ್ತಿತ್ತು, ಆದರೆ ಹೇಳುತ್ತಿರಲಿಲ್ಲ. ಯಾಕೆ ಎಂದರೆ, ಅವರ ಮುಂದೆ ನಮ್ಮ ಮಂದಿ ಬಾಯಿ ತೆರೆಯುವ ಕಾಲವಲ್ಲ ಅದು ಎನ್ನುತ್ತಿದ್ದಳು. ಆಕೆಯ ಮನೆಯವರು ಆಮೇಲೆ ಬೌದ್ಧರಾದರು. ನಮ್ಮದು ಬಸವಣ್ಣನ ಹಾದಿಯ ಮನೆ, ಮೇಲುಕೀಳಿಲ್ಲ ಎಂದು ದಿನಾ ಹೇಳಿಕೊಳ್ಳುವ ಮನೆ. ಆದರೂ ನನ್ನ ಉರಿಯಲ್ಲಿ ಆ ಮೇಲುಕೀಳಿನದೂ ಒಂದು ಪಾಲಿತ್ತು. ಅಂಥವಳ ಮುಂದೆ ಸೋತೆನಲ್ಲ ಎಂಬ ಆ ಮಾತನ್ನು ಬಾಯಿಬಿಟ್ಟು ಯಾವತ್ತೂ ಆಡಿಲ್ಲ. ಮನಸ್ಸಿನಲ್ಲಿ ಆಡಿದ್ದೇನೆ.

ಒಂದು ಸಲ ಹುಕ್ಕೇರಿಯ ಹತ್ತಿರದ ನನ್ನ ಊರಿಗೇ ಬಂದುಬಿಟ್ಟಳು. ಕರೆಸಿದವರು ಯಾರು ಎಂದರೆ ನನ್ನ ಸ್ವಂತ ಕಾಕಾ. ಸೋಯಾ ಬಿತ್ತುವ ಮೊದಲು ಹೊಲ ಎಷ್ಟಿದೆ ಎಂದು ಅಳೆಸಬೇಕಿತ್ತಂತೆ. ಮನೆಯಲ್ಲೇ ಸರ್ವೇಯರ್ ಇರುವಾಗ ಮೂಡಲಗಿಯಿಂದ ಹೆಂಗಸನ್ನು ಕರೆಸುವುದೇ ಎಂದು ಕೇಳಿದರೆ ಕಾಕಾ, ನಿನ್ನ ಚೀಲ ಬಿಚ್ಚುವುದರೊಳಗೆ ಆಕೆ ಅಳೆದು ಗೋಕಾಕದ ಬಸ್ ಹತ್ತಿರುತ್ತಾಳೆ ಎಂದರು. ಅಂಗಳದಲ್ಲಿ ಗೋವಿನಜೋಳ ತುಂಬುತ್ತಿದ್ದರು. ತೊಂಬತ್ತೆಂಟು ಚೀಲ, ಒಂದೊಂದು ತೊಂಬತ್ತೇಳು ಕಿಲೋ. ಒಟ್ಟು ಎಷ್ಟಾಯಿತು ಎಂದು ಕಾಕಾ ನನ್ನನ್ನು ಕೇಳಿದರು. ನಾನು ಮೊಬೈಲಿನ ಕೀಲಿ ತೆಗೆಯುವಷ್ಟರಲ್ಲಿ ಆಕೆ ಹೇಳಿಯಾಗಿತ್ತು. ಒಂದು ನೂರಕ್ಕೆ ಎರಡು ಕಡಿಮೆ, ಇನ್ನೊಂದು ಮೂರು ಕಡಿಮೆ. ತೊಂಬತ್ತೆಂಟರಲ್ಲಿ ಆ ಮೂರು ತೆಗೆದರೆ ತೊಂಬತ್ತೈದು. ಎರಡು ಮೂರ್ಲೆ ಆರು, ಅದನ್ನು ಪಕ್ಕದಲ್ಲಿ ಇಡು. ಒಂಬತ್ತು ಸಾವಿರದ ಐನೂರಾ ಆರು. ನಾನು ಹದಿನೇಳರ ಮಗ್ಗಿಗೆ ತಡವರಿಸಿ ಬೆಂಚಿನ ಮೇಲೆ ನಿಂತದ್ದನ್ನು ನೋಡಿದ ಗೆಳೆಯನೊಬ್ಬ ಅಲ್ಲೇ ಇದ್ದ. ಇನ್ನೂ ಇಳಿದಿಲ್ಲವೇನೋ ಬೆಂಚಿನಿಂದ ಎಂದು ಕೇಳಿದ. ಊರಿನ ಮಂದಿಯೆಲ್ಲ ನಕ್ಕರು, ಕಾಕಾ ಆಕೆಗೆ ಎರಡು ಸಲ ಚಹಾ ಕೊಡಿಸಿದರು.

ನನ್ನ ಮನೆಯನ್ನೂ ಆಕೆ ಬಿಡಲಿಲ್ಲ. ಮಗಳು ಬ್ಯಾಂಕಿನ ಪರೀಕ್ಷೆಗೆಂದು ಗೋಕಾಕಕ್ಕೆ ಕೋಚಿಂಗಿಗೆ ಹೋಗುತ್ತಿದ್ದಳು. ಅಲ್ಲಿ ಲೆಕ್ಕ ಬೇಗ ಮಾಡುವ ಹಂಚಿಕೆಗಳನ್ನು ಹೇಳಿಕೊಡುತ್ತಿದ್ದರು, ಇವಳಿಗೆ ತಲೆಗೆ ಹೋಗುತ್ತಿರಲಿಲ್ಲ. ಯಾರೋ ಹೇಳಿದರೆಂದು ಭಾನುವಾರ ಮುಕಾದಮ ಅಕ್ಕನ ಮನೆಗೆ ಹೋದಳು. ಬುದ್ಧನ ಫೋಟೋ ಕೆಳಗೆ ಚಾಪೆ ಹಾಸಿ ಇಬ್ಬರೂ ಸಂಜೆಯವರೆಗೆ ಕುಳಿತರಂತೆ. ಮನೆಗೆ ಬಂದು ಮಗಳು, ಮೂವತ್ತೈದು ಹದಿನಾರ್ಲೆ ಎಷ್ಟು ಪಪ್ಪಾ ಎಂದಳು. ನಾನು ಎಂದಿನ ಹಾಗೆ ತಡವರಿಸಿದೆ. ಒಂದನ್ನು ದುಪ್ಪಟ್ಟು ಮಾಡಿ, ಇನ್ನೊಂದನ್ನು ಅರ್ಧ ಮಾಡಿ ಎಂದಳು. ಎಪ್ಪತ್ತು ಎಂಟ್ಲೆ ಐನೂರಾ ಅರವತ್ತು. ಹೊಲ ಅಷ್ಟೇ ಇರುತ್ತದೆ, ಉದ್ದ ಮಾಡಿ ಅಗಲ ಕಡಿಮೆ ಮಾಡಿದ ಹಾಗೆ. ಅಕ್ಕ ಹಾಗೆ ಹೇಳಿದಳು, ನಿಮಗೆ ಇದು ಗೊತ್ತಿತ್ತೇ ಎಂದು ಕೇಳಿದಳು. ಗೊತ್ತಿರದೆ ಏನು ಎಂದೆ. ಗೊತ್ತಿರಲಿಲ್ಲ. ಅಂಕಿಗೆ ಅಂಜಬಾರದು, ಅದನ್ನು ಹೊಲಕ್ಕೆ ಕರೆದುಕೊಂಡು ಹೋಗಬೇಕು ಎಂದು ಆಕೆ ಹೇಳುತ್ತಿದ್ದಳಂತೆ. ಆ ಮಾತು ನಮ್ಮ ಮನೆಯಲ್ಲಿ ಆರು ತಿಂಗಳು ಓಡಾಡಿತು, ನನ್ನ ಊಟದ ತಾಟಿನ ಮುಂದೆಯೂ.

ಇನ್ನು ನಾನು ಹೇಳಲೇಬೇಕಾದ ಒಂದು ಹೊಲದ ವಿಷಯ.

ಮೂಡಲಗಿಯ ಆಚೆ ಒಂದು ಊರಿನಲ್ಲಿ ಅಣ್ಣ ತಂಗಿ ಇಬ್ಬರು. ಅಪ್ಪ ತೀರಿದ ಮೇಲೆ ತಂಗಿ ತನ್ನ ಪಾಲು ಕೇಳಿದಳು. ಗಂಡನ ಮನೆ ಬಿಟ್ಟು ಬಂದು ಒಬ್ಬಳೇ ದುಡಿಯುವ ಹೆಂಗಸು, ಅವಳಿಗೆ ಬದುಕಲು ಆ ಹೊಲವೇ ಆಧಾರ. ಅಣ್ಣ ಒಲ್ಲದ ಮನಸ್ಸಿನಿಂದ ಒಪ್ಪಿದ. ಎಂಟು ಹಗ್ಗ ಅಗಲದ ಉದ್ದನೆಯ ಪಟ್ಟಿ ಅದು. ಒಂದು ತುದಿ ನೇರ, ಇನ್ನೊಂದು ತುದಿಯನ್ನು ಕಾಲುವೆ ಓರೆಯಾಗಿ ಕತ್ತರಿಸಿಕೊಂಡು ಹೋಗಿದೆ. ಕಾಲುವೆಗೆ ಎಷ್ಟು ಹೋಯಿತು ಎಂಬುದು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಬಂದಿರಲಿಲ್ಲ. ಆದ್ದರಿಂದ ಅಳೆದು, ಸಮ ಪಾಲು ಮಾಡಿ, ನಡುವೆ ಗಡಿಕಲ್ಲು ಹಾಕಬೇಕಿತ್ತು. ಅಣ್ಣ ನನಗೆ ಹೇಳಿಕಳಿಸಿದ. ಆ ವೇಳೆಗೆ ಸಾಲ ಮಾಡಿ ಹೊಸ ಮಷಿನ್ ತಂದಿದ್ದೆ. ಅದರ ಮೂರು ಕಾಲು ಬಿಚ್ಚಿ ನಿಲ್ಲಿಸುತ್ತಿದ್ದಾಗ ತಂಗಿ ಮುಂದೆ ಬಂದಳು.

“ಮಷಿನ್ ಬ್ಯಾಡ್ರಿ. ಮುಕಾದಮ ಅಕ್ಕ ಅಳದ್ರ ನಾ ಒಪ್ಪತೀನಿ. ಅಕಿ ಲೆಕ್ಕಾ ಎಂದೂ ತಪ್ಪಂಗಿಲ್ಲ.”

ಐದು ಮಂದಿಯ ಮುಂದೆ ಮಷಿನ್ ಮಡಚಿದೆ. ಬಂದದ್ದಾಗಿದೆ, ನೋಡಿಕೊಂಡೇ ಹೋಗಿ ಎಂದು ಅಣ್ಣ ಅಂದ. ಬದುವಿನ ಮೇಲೆ ನಿಂತೆ.

ಮುಕಾದಮ ಅಕ್ಕ ಬಂದಳು, ಹಗ್ಗ ಎಳೆಸಿದಳು. ಇಲ್ಲಿ ಆಕೆಯ ಪದ್ಧತಿ ಹೇಳಬೇಕು. ಹೊಲದ ನಾಲ್ಕು ಬದಿ ಅಳೆಯುವುದು. ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡುವುದು. ಬಂದ ಎರಡು ಅಂಕಿಗಳನ್ನು ಗುಣಿಸುವುದು. ನಮ್ಮ ಕಡೆ ಎಲ್ಲರೂ ಹೀಗೇ ಮಾಡುತ್ತಾರೆ. ಹೊಲ ಚೊಕ್ಕ ಇದ್ದರೆ ಏನೂ ತೊಂದರೆಯಿಲ್ಲ. ಓರೆ ಇದ್ದರೆ ಮಾತ್ರ ಈ ಲೆಕ್ಕ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಕಡಿಮೆ ಎಂದೂ ತೋರಿಸುವುದಿಲ್ಲ. ಕಸ ತೆಗೆಯುವ ಕೆಲಸದಲ್ಲಿ ಅದರಿಂದ ಯಾರಿಗೂ ನಷ್ಟವಿಲ್ಲ. ಬಿಸಿಲಲ್ಲಿ ಬಗ್ಗಿದ ಹೆಂಗಸರಿಗೆ ಅರ್ಧ ಗುಂಟೆ ಹೆಚ್ಚು ಸಿಕ್ಕರೆ ಯಾವ ರೈತನೂ ತಕರಾರು ಮಾಡುವುದಿಲ್ಲ. ಇಪ್ಪತ್ತೈದು ವರ್ಷ ಆಕೆ ಹಾಗೆಯೇ ಅಳೆದಿದ್ದಳು. ಪಾಲು ಮಾಡುವಾಗ ಆ ಹೆಚ್ಚಳ ಯಾರದಾದರೂ ಕೊರತೆಯಾಗುತ್ತದೆ ಎಂಬುದು ಆಕೆಗೆ ಹೊಳೆದಿರಲಿಲ್ಲ.

ಕಾಲುವೆಯ ಕಡೆ ತಂಗಿಗೆ, ನೇರ ತುದಿ ಅಣ್ಣನಿಗೆ ಎಂದು ಮಾತಾಗಿತ್ತು; ಎರಡೂ ಸಮ ಬರುವವರೆಗೆ ಆಕೆ ನಡುವಿನ ಗೆರೆಯನ್ನು ಅತ್ತಿತ್ತ ಸರಿಸಿದಳು. ಆ ಗೆರೆಗೆ ತಂಗಿಯ ಕಡೆಯ ಉದ್ದದ ಬದಿಗಳು ಎಂಟು ಹಗ್ಗ ಮತ್ತು ಹದಿನಾಲ್ಕು ಹಗ್ಗ, ಕೂಡಿಸಿ ಅರ್ಧ ಮಾಡಿದರೆ ಹನ್ನೊಂದು. ಅಡ್ಡದ ಬದಿಗಳಲ್ಲಿ ಒಂದು ಎಂಟು ಹಗ್ಗ, ಕಾಲುವೆಯ ಓರೆ ಬದಿ ಹತ್ತು ಹಗ್ಗ, ಅರ್ಧ ಮಾಡಿದರೆ ಒಂಬತ್ತು. ಆಕೆ ಕಣ್ಣು ಮುಚ್ಚುವ ಅಗತ್ಯವೂ ಬೀಳಲಿಲ್ಲ. ಹನ್ನೊಂದೊಂಬತ್ಲೆ ತೊಂಬತ್ತೊಂಬತ್ತು ಗುಂಟೆ ಎಂದಳು. ಅಣ್ಣನಿಗೂ ಅಷ್ಟೇ ಬರಬೇಕು. ಅವನ ಕಡೆ ಅಗಲ ಎಂಟು ಹಗ್ಗ, ಹಾಗಾದರೆ ಉದ್ದ ಎಷ್ಟಿರಬೇಕು? ಈಗ ಎಡಗಣ್ಣು ಮುಚ್ಚಿದಳು. ಎಂಟು ಹನ್ನೆರಡ್ಲೆ ತೊಂಬತ್ತಾರು, ಉಳಿದ ಮೂರನ್ನು ಎಂಟಕ್ಕೆ ಹಂಚಿದರೆ ಆರಾಣೆ. ನೇರ ತುದಿಯಿಂದ ಹನ್ನೆರಡು ಹಗ್ಗ ಆರಾಣೆಗೆ ಕಲ್ಲು ಹೂಳಿ ಎಂದಳು. ಎಲ್ಲರೂ ತಲೆದೂಗಿದರು. ಆಕೆ ನನ್ನ ಮುಖ ನೋಡಿದಳು.

ನನಗೆ ಗೊತ್ತಾಗಿಬಿಟ್ಟಿತ್ತು. ಹದಿನಾಲ್ಕರಲ್ಲಿ ಎಂಟು ಹೋದರೆ ಆರು; ಆರು, ಎಂಟು, ಹತ್ತು. ಹೈಸ್ಕೂಲಿನ ತ್ರಿಕೋನ ಕಣ್ಣ ಮುಂದೆ ಮಲಗಿತ್ತು. ಆ ಹತ್ತು ಹಗ್ಗ ಓರೆಯ ಉದ್ದ, ಹೊಲದ ಅಗಲವಲ್ಲ. ಅಗಲ ಎಲ್ಲಿ ಹಿಡಿದರೂ ಎಂಟೇ. ತಂಗಿಯ ಹೊಲ ಹನ್ನೊಂದೆಂಟ್ಲೆ ಎಂಬತ್ತೆಂಟು ಗುಂಟೆ, ತೊಂಬತ್ತೊಂಬತ್ತಲ್ಲ. ಹನ್ನೊಂದು ಗುಂಟೆ ಗಾಳಿಯಲ್ಲಿತ್ತು. ಸರಿಯಾಗಿ ಪಾಲು ಮಾಡಿದ್ದರೆ ಇಬ್ಬರಿಗೂ ತೊಂಬತ್ಮೂರೂವರೆ ಬರಬೇಕು. ಆ ಹೆಂಗಸು ಐದೂವರೆ ಗುಂಟೆ ಕಳೆದುಕೊಳ್ಳುತ್ತಿದ್ದಳು. ಬಾಯಿ ತೆರೆದಿದ್ದರೆ ಅರ್ಧ ನಿಮಿಷದ ಮಾತು. ಆದರೆ ನನ್ನ ಎದೆಯಲ್ಲಿ ಎಂಥ ಸಂತೋಷ ಉಕ್ಕಿತೆಂದರೆ, ಅದನ್ನು ಹೇಳಿ ಖರ್ಚು ಮಾಡಲು ಮನಸ್ಸಾಗಲಿಲ್ಲ. ಮಷಿನ್ ಬೇಡ ಎಂದಳಲ್ಲ, ಅನುಭವಿಸಲಿ. ಲೆಕ್ಕ ಎಂದೂ ತಪ್ಪುವುದಿಲ್ಲವಂತಲ್ಲ, ಒಂದು ದಿನ ಊರ ಮುಂದೆ ಒಡೆಯಲಿ. ಕಲ್ಲು ಹೂಳಿದರು. ನಾನು ಮಷಿನ್ ಹೊತ್ತುಕೊಂಡು ಗಾಡಿ ಹತ್ತಿದೆ.

ಎರಡು ವರ್ಷ ಆ ಹನ್ನೊಂದು ಗುಂಟೆಯನ್ನು ಒಳಗೆ ಇಟ್ಟುಕೊಂಡು ಬದುಕಿದೆ. ಎಲ್ಲಾದರೂ ಆಕೆ ನನ್ನ ಮುಂದೆ ಗುಣಿಸಿ ಹೇಳಿದಾಗ, ಮಂದಿ ವಾಹ್ ಅಂದಾಗ, ಹನ್ನೊಂದು ಗುಂಟೆ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಉರಿ ಕೊಂಚ ತಣ್ಣಗಾಗುತ್ತಿತ್ತು. ಯಾರಾದರೂ ಕಂಡುಹಿಡಿಯುತ್ತಾರೆ ಎಂದು ದಿನಾ ಕಾಯುತ್ತಿದ್ದೆ. ಆ ತಂಗಿ ಬಸ್ ನಿಲ್ದಾಣದಲ್ಲಿ ಎದುರಾದರೆ ಮಾತ್ರ ಬೇರೆ ಓಣಿ ಹಿಡಿಯುತ್ತಿದ್ದೆ.

ಕಂಡುಹಿಡಿದವಳು ಮುಕಾದಮ ಅಕ್ಕನೇ. ತಂಗಿಯ ಹೊಲದಲ್ಲಿ ಕಬ್ಬಿನ ಸಸಿ ನೆಡುವ ಕೆಲಸ ಆಕೆಯ ಟೋಳಿಗೇ ಬಂತು. ಐದು ಅಡಿ ಸಾಲು, ಎರಡು ಅಡಿಗೊಂದು ಸಸಿ. ಗುಂಟೆಗೆ ನೂರಾ ಒಂಬತ್ತು ಎಂದು ಹಿಡಿದು ತೊಂಬತ್ತೊಂಬತ್ತು ಗುಂಟೆಗೆ ಸಸಿ ತರಿಸಿದ್ದಳು. ನೆಟ್ಟು ಮುಗಿದಾಗ ಸಾವಿರದ ಇನ್ನೂರರ ಹತ್ತಿರ ಸಸಿ ಟ್ರೇಗಳಲ್ಲಿ ಹಾಗೇ ಉಳಿದವು. ಹೆಂಗಸರು ಸಾಲು ದೂರ ಹಿಡಿದಿರಬೇಕು ಎಂದು ಮತ್ತೊಮ್ಮೆ ಸಾಲು ಎಣಿಸಿದಳಂತೆ. ಸಾಲು ಸರಿ ಇದ್ದವು. ನೂರಾ ಒಂಬತ್ತು ಹನ್ನೊಂದ್ಲೆ ಸಾವಿರದ ನೂರಾ ತೊಂಬತ್ತೊಂಬತ್ತು. ಹನ್ನೊಂದು ಗುಂಟೆ ಎಲ್ಲಿ ಹೋಯಿತು? ಮರುದಿನ ಬೆಳಿಗ್ಗೆ, ಕೈಯ ಮಣ್ಣನ್ನೂ ಸರಿಯಾಗಿ ತೊಳೆಯದೆ, ಮೂಡಲಗಿಯ ನನ್ನ ಕಚೇರಿಗೆ ಬಂದಳು.

“ಮೂರ ಸಲ ಗುಣಿಸಿ ನೋಡೇನಿ ಸಾಹೇಬ್ರ, ಬರೋಬರಿ ಐತಿ. ಆದ್ರ ಹೊಲ ಕಮ್ಮಿ ಐತಿ. ಎಲ್ಲಿ ತಪ್ಪೀನಿ, ತೋರಸ್ರಿ.”

ನಾನು ಎಷ್ಟು ದಿನದಿಂದ ಕಾದ ಗಳಿಗೆ ಅದು. ಕಾಗದ ತೆಗೆದು ಹೊಲದ ಚಿತ್ರ ಬರೆದೆ. ಹೊರಸಿನ ಕೀಲು ಸಡಿಲಾಗಿ ಒಂದು ಕಡೆ ವಾಲಿದರೆ ನಾಲ್ಕೂ ಪಟ್ಟಿ ಅಷ್ಟೇ ಉದ್ದ ಇರುತ್ತವೆ, ಮಲಗುವ ಜಾಗ ಮಾತ್ರ ಕಡಿಮೆಯಾಗುತ್ತದೆ, ಬದಿ ಅಳೆದರೆ ಆ ಕೊರತೆ ಕಾಣುವುದಿಲ್ಲ ಎಂದು ಹೇಳಿದೆ. ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಕರ್ಣ ಅಳೆಯದೆ ಓರೆ ಹೊಲದ ಲೆಕ್ಕ ಆಗುವುದಿಲ್ಲ ಎಂದೆ. ಆಕೆ ಎಡಗಣ್ಣು ಮುಚ್ಚಿ ಬಹಳ ಹೊತ್ತು ಆ ಕಾಗದ ನೋಡಿದಳು. ಅಪ್ಪನ ಸಾಹೇಬರೂ ಮೂಲೆಯಿಂದ ಮೂಲೆಗೆ ಸರಪಳಿ ಎಳೆಸುತ್ತಿದ್ದರು, ಅದನ್ನು ಯಾಕೆ ಎಳೆಸುತ್ತಾರೆಂದು ತಾನು ಕೇಳಲಿಲ್ಲ, ಕೇಳುವ ಹಾಗೆ ಇರಲಿಲ್ಲ ಎಂದಳು. ಆಮೇಲೆ ತಲೆಯೆತ್ತಿದಳು.

“ಅವತ್ತು ಲೆಕ್ಕಾ ಹೇಳಿ ನಿಮ್ಮ ಮಾರಿ ನೋಡಿದ್ನಿ. ಯಾವಾಗ್ಲೂ ನೋಡತೇನಿ. ನಾಕನೇತ್ತೆ ಕಲಿತಾಕಿ ನಾ, ನೀವು ದೊಡ್ಡ ಸಾಲಿ ಕಲಿತಾವ್ರು. ಎಲ್ಲರೆ ತಪ್ಪಿದ್ರ ನಿಮ್ಮ ಮಾರಿಮ್ಯಾಲ ಕಾಣತೈತಿ ಅಂತ ನನಗೊಂದು ಧೈರ್ಯ. ನೀವು ಸುಮ್ಮನಿದ್ರಿ. ಹಂಗಾದ್ರ ಬರೋಬರಿ ಐತಿ ಅಂತ ತಿಳಕೊಂಡ್ನಿ.”

ಇಷ್ಟು ವರ್ಷ ಆ ನೋಟವನ್ನು ಸೊಕ್ಕು ಎಂದು ತಿಳಿದು ಮುಖ ತಿರುಗಿಸಿದ್ದೆ. ಈಗ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಆ ಹೊತ್ತಿನಲ್ಲಿ ಫೋನ್ ನೋಡುತ್ತಿದ್ದೆ, ನಿಮ್ಮ ಲೆಕ್ಕದ ಮೇಲೆ ನನಗೆ ಲಕ್ಷ್ಯ ಇರಲಿಲ್ಲ ಎಂದು ಸುಳ್ಳು ಹೇಳಿದೆ. ಆಕೆ ಒಂದು ಕ್ಷಣವೂ ಅನುಮಾನಿಸಲಿಲ್ಲ. ಇರಲಿ ಬಿಡಿ, ನಿಮ್ಮದೇನು, ತಪ್ಪು ನನ್ನದು ಎಂದು ಎದ್ದಳು. ಹೋಗುವಾಗ ಆ ಕಾಗದ ಕೇಳಿ ಇಸಿದುಕೊಂಡಳು.

ಇದನ್ನು ಮುಚ್ಚಿಡಬಹುದಿತ್ತು. ಉಳಿದ ಸಸಿಯನ್ನು ಬೇರೆ ಹೊಲಕ್ಕೆ ಹಚ್ಚಿ ಸುಮ್ಮನಿರಬಹುದಿತ್ತು. ಆಕೆಯ ಜಾಗದಲ್ಲಿ ನಾನಿದ್ದರೆ ಹಾಗೆಯೇ ಮಾಡುತ್ತಿದ್ದೆ. ಆಕೆ ಮಾತ್ರ ಎರಡು ದಿನದಲ್ಲಿ ಅಣ್ಣ ತಂಗಿಯನ್ನೂ ಪಾಲಿನ ದಿನ ಇದ್ದ ಹಿರಿಯರನ್ನೂ ಅದೇ ಹೊಲಕ್ಕೆ ಕರೆಸಿದಳು, ನನಗೂ ಮಷಿನ್ ತರಲು ಹೇಳಿದಳು. ಕಲ್ಲಿನ ಪಕ್ಕ ನಿಂತು, ಈ ಲೆಕ್ಕ ನನ್ನದು, ಲೆಕ್ಕ ತಪ್ಪಿದೆ, ತಂಗಿಗೆ ಐದೂವರೆ ಗುಂಟೆ ಕಡಿಮೆ ಹೋಗಿದೆ ಎಂದಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ. ಸಸಿ ಎಷ್ಟು ಉಳಿಯಿತು ಎಂದು ಹೇಳುವಾಗ ಇದ್ದ ದನಿಯೇ. ನಾನು ಅಳೆದೆ. ಕಲ್ಲು ಅಣ್ಣನ ಕಡೆಗೆ ಇಪ್ಪತ್ಮೂರು ಅಡಿ ಸರಿಯಬೇಕಿತ್ತು.

ಅಣ್ಣ ಒಪ್ಪಲಿಲ್ಲ. ಕಾಗದ ಆಗಿದೆ, ಎಲ್ಲರೂ ಸಹಿ ಮಾಡಿದ್ದಾರೆ, ಅವತ್ತು ಎಲ್ಲರೂ ಆಕೆಯ ಮಾತಿಗೆ ತಲೆಯಾಡಿಸಿ ಈಗ ನನ್ನ ಹೊಲ ಕಿತ್ತುಕೊಳ್ಳುವುದೇ ಎಂದು ಕೂಗಾಡಿದ. ಅವನ ಮಾತೂ ಸುಳ್ಳಲ್ಲ. ಹಾಗಾದರೆ ಕಲ್ಲು ಸರಿಯುವವರೆಗೆ ನನ್ನ ಟೋಳಿ ನಿಮ್ಮ ಕಬ್ಬಿಗೆ ಬರುವುದಿಲ್ಲ ಎಂದು ಆಕೆ ಹೇಳಿ ಹೊರಟಳು. ಆ ಋತುವಿನಲ್ಲಿ ಕೂಲಿಯ ಹೆಂಗಸರು ಸಿಗುವುದೇ ಕಷ್ಟ. ಅವನ ಹೊಲದ ಕೆಲಸವೆಂದರೆ ಹದಿನೆಂಟು ಮನೆಗಳ ಹತ್ತು ದಿನದ ದುಡಿಮೆ. ಟೋಳಿಯ ಹೆಂಗಸರು ಗೊಣಗಿದರಂತೆ, ಆಕೆ ಬೇರೆ ಹೊಲಗಳಲ್ಲಿನ ತನ್ನ ಪಾಲಿನ ಕೆಲಸವನ್ನು ಅವರಿಗೆ ಬಿಟ್ಟುಕೊಟ್ಟಳಂತೆ. ಮೂರು ವಾರದಲ್ಲಿ ಅಣ್ಣನ ಕಬ್ಬಿನಲ್ಲಿ ಕಸ ಮೊಣಕಾಲು ಮುಟ್ಟಿತು. ನಾಲ್ಕನೆಯ ವಾರ ಅವನೇ ಹಾರೆ ತಂದ. ಕಲ್ಲು ಕಿತ್ತು ಹೊಸ ಜಾಗದಲ್ಲಿ ಹೂಳಿದ ದಿನ ತಂಗಿ ಆ ಇಪ್ಪತ್ಮೂರು ಅಡಿಯಲ್ಲಿ ಆ ತುದಿಯಿಂದ ಈ ತುದಿಗೆ ಸುಮ್ಮನೆ ನಡೆದಾಡಿದಳು.

ಇನ್ನು ಆಕೆಯನ್ನು ಯಾರೂ ಕರೆಯುವುದಿಲ್ಲ, ಅಳತೆಯೆಲ್ಲ ನನ್ನ ಕಡೆ ಬರುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಆದದ್ದೇ ಬೇರೆ. ತಪ್ಪಿದರೆ ತಾನೇ ಬಂದು ಹೇಳುವವಳು ಎಂದು ಆಕೆಯ ಹೆಸರು ಗೋಕಾಕದಾಚೆಗೂ ಹೋಯಿತು. ಬೇಗ ಗುಣಿಸುವುದಕ್ಕೆ ಅಸೂಯೆ ಪಟ್ಟಿದ್ದೆ, ಸರಿ. ತಪ್ಪು ಒಪ್ಪಿಕೊಂಡದ್ದಕ್ಕೂ ಒಬ್ಬರ ಮೇಲೆ ಅಸೂಯೆ ಪಡಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೊದಲಿನದಕ್ಕಿಂತ ಇದು ಹೆಚ್ಚು ಸುಡುತ್ತಿತ್ತು. ಮೊದಲಿನದಕ್ಕೆ ನನ್ನ ಹತ್ತಿರ ಕ್ಯಾಲ್ಕುಲೇಟರ್ ಇತ್ತು. ಮುಂದೆ ಆಕೆ ಕರ್ಣ ಹಿಡಿದೇ ಅಳೆದಳು, ಓರೆ ಹೊಲವನ್ನು ಎರಡು ತ್ರಿಕೋನ ಮಾಡಿ ಬಾಯಲ್ಲೇ ಲೆಕ್ಕ ಹೇಳುವುದನ್ನು ಒಂದೇ ತಿಂಗಳಲ್ಲಿ ಕಲಿತಳು. ಅದರಲ್ಲೂ ನನಗಿಂತ ಬೇಗ. ಹೇಳಿದ ಮೇಲೆ ಮೊದಲಿನ ಹಾಗೆಯೇ ನನ್ನ ಮುಖ ನೋಡುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಅವತ್ತು ನನಗೆ ಗೊತ್ತಿತ್ತು ಎಂದು ಹೇಳಲು ಎಷ್ಟೋ ಸಲ ಬಾಯಿಗೆ ಬಂದು ಹಿಂದಕ್ಕೆ ಹೋಯಿತು.

ಆಕೆಗೆ ಆದದ್ದು ಎದೆನೋವು, ಆಸ್ಪತ್ರೆಗೆ ಒಯ್ಯುವ ವೇಳೆ ಸಿಗಲಿಲ್ಲ. ಎಂಟು ದಿನದ ಮೇಲೆ ಮನೆಯ ಮುಂದೆ ಶಾಮಿಯಾನ ಹಾಕಿ ಶ್ರದ್ಧಾಂಜಲಿ ಸಭೆ ಇಟ್ಟರು. ಪಂಚಶೀಲ ಹೇಳಿ ಮುಗಿಸಿದ ಮೇಲೆ, ಗೋಕಾಕದ ಕಾಲೇಜಿನಲ್ಲಿ ಕಲಿಸುವ ಆಕೆಯ ಮಗಳು ನನ್ನ ಹತ್ತಿರ ಬಂದು, ನೀವೂ ಎರಡು ಮಾತು ಆಡಬೇಕು ಎಂದಳು. ಓರೆ ಹೊಲ ಅಳೆಯುವುದನ್ನು ಕಲಿಸಿದ ಗುರು ನೀವು ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು ಎಂದಳು. ನಾನು ಕೊಟ್ಟ ಕಾಗದ ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಂಡಿದ್ದಳಂತೆ. ಎದ್ದು ನಿಂತೆ. ಟೋಳಿಯ ಹದಿನೇಳು ಹೆಂಗಸರು ಮುಂದೆ ಕುಳಿತಿದ್ದರು, ಅವರ ಬದಿಯಲ್ಲಿ ಆ ತಂಗಿ. ಹೇಳಿಬಿಡುತ್ತೇನೆ ಎಂದು ನಿರ್ಧಾರ ಮಾಡಿಕೊಂಡೇ ಎದ್ದಿದ್ದೆ. ಮೈಕ್ ಹಿಡಿದಾಗ ಬಾಯಿಂದ ಬಂದದ್ದು, ಹೌದು, ಕಲಿಸಿದ್ದು ನಾನು, ಎರಡೇ ನಿಮಿಷದಲ್ಲಿ ಕಲಿತರು ಎಂಬ ಮಾತು. ಕೆಲವರು ಕಣ್ಣೊರೆಸಿಕೊಂಡರು. ಸತ್ತವಳಿಗೆ ಸಿಕ್ಕ ಕಣ್ಣೀರಿನಲ್ಲೂ ಒಂದಿಷ್ಟು ನನಗೆ ಬಂತಲ್ಲ ಎಂದು ಒಂದು ಕ್ಷಣ ಹಿತವಾಯಿತು. ಕುಳಿತೆ.

ಸಭೆ ಮುಗಿದು ಚಪ್ಪಲಿ ಹುಡುಕುತ್ತಿದ್ದಾಗ ಆ ತಂಗಿ ಬಂದಳು. ಎರಡೂ ಕೈ ಜೋಡಿಸಿದ್ದಳು.

“ಅವತ್ತು ಮಂದಿ ಮುಂದ ನಿಮ್ಮ ಮಷಿನ್ ಬ್ಯಾಡ ಅಂದ್ನಿ ಸಾಹೇಬ್ರ. ನಿಮ್ಮನ್ನ ಅಳ್ಯಾಕ ಬಿಟ್ಟಿದ್ರ ಎರಡು ವರ್ಷ ನನ್ನ ಹೊಲ ಹೋಗತಿರಲಿಲ್ಲ. ತಪ್ಪಾತು. ಮನಸಿನಾಗ ಇಟ್ಕೋಬ್ಯಾಡ್ರಿ.”

“ಇರಲಿ ಬಿಡವಾ,” ಎಂದೆ. “ನಾ ಅದನ್ನ ಅವತ್ತೇ ಮರತೇನಿ.”

ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ತೆಗೆಯಲಿಲ್ಲ.